ಐರ್ಲೆಂಡಿಗೆ ಎರಡು ಹಗ್ಗ

ಅದು ಭಾನುವಾರವೇ ಇರಬೇಕು. ಏಕೆಂದರೆ ಮರುದಿನ ನನ್ನ ಪ್ರಬಂಧದ ಯೋಜನೆಯನ್ನು ಕುಮಟಾದಲ್ಲಿ ಮಾರ್ಗದರ್ಶಕರಿಗೆ ತೋರಿಸಬೇಕಿತ್ತು. ಎಂ.ಎ. ಮುಗಿದರೆ ಮಾತ್ರ ಭಟ್ಕಳದ ಶಾಲೆಯಲ್ಲಿ ನನ್ನ ಕೆಲಸ ಕಾಯಂ. ಯೋಜನೆ ಒಪ್ಪಿಗೆಯಾಗದಿದ್ದರೆ ಇನ್ನೊಂದು ವರ್ಷ ಹೋದಂತೆ. ವಿಷಯ: ಐರಿಶ್ ರಾಷ್ಟ್ರೀಯತೆ ಮತ್ತು ಹಿಂಸೆ.

ಮೊದಲ ಯೋಜನೆಯನ್ನು ಸರ್ ವಾಪಸು ಕೊಟ್ಟಿದ್ದರು. "ಮಾತಿನವರಿಗೆ ಒಂದು ಅಧ್ಯಾಯ, ಬಂದೂಕಿನವರಿಗೆ ಒಂದು. ಇದು ಪ್ರಬಂಧ ಅಲ್ಲ, ಬಸ್ ಸ್ಟ್ಯಾಂಡು. ಪಕ್ಕದಲ್ಲಿ ಕೂತವರು ಯಾರು ಅಂತ ಇಬ್ಬರಿಗೂ ಗೊತ್ತಿಲ್ಲ. ಸ್ವಾತಂತ್ರ್ಯ ತಂದದ್ದು ಯಾರು, ಅದು ಹೇಳಿ."

ಮಂಕಿ ಊರಿನ ನಮ್ಮ ಮನೆಯಲ್ಲಿ ಆ ಪ್ರಶ್ನೆ ಎತ್ತಬಾರದಿತ್ತು. ದೊಡ್ಡ ಬೋಟುಗಳು ದಡದ ಹತ್ತಿರ ಬಂದು ಮೀನು ಬಳಿದುಕೊಂಡು ಹೋದರೆ ಅಪ್ಪ ಇಲಾಖೆಗೆ ಮನವಿ ಬರೆಯುತ್ತಾರೆ, ಚಿಕ್ಕಪ್ಪ ಕಲ್ಲು ಹುಡುಕುತ್ತಾರೆ.

"ಮನವಿ ಕೊಟ್ಟವ್ರು ತಂದದ್ದು. ಎಂತ ಸಂಶಯ?" ಎಂದರು ಅಪ್ಪ.

"ಹೊರಗೆ ನಾಕು ಜನ ಕಲ್ಲು ಹಿಡ್ಕಂಡು ನಿಂತ್ರೆ ಮಾತ್ರ ಒಳಗೆ ನಿನ್ನ ಮನವಿ ಓದ್ತಾರೆ, ಅಣ್ಣ," ಎಂದರು ಚಿಕ್ಕಪ್ಪ.

"ಆ ಊರಲ್ಲಿ ಮೀನು ಸಿಕ್ತದಾ?" ಅಮ್ಮನ ಪ್ರಶ್ನೆ.

ಅಷ್ಟರಲ್ಲಿ ಕಡಲ ಕಡೆಯಿಂದ ಕೂಗು ಬಂತು. ಕೈರಂಪಣಿ ಬಲೆ ಎಳೆಯಬೇಕು. ದೋಣಿಯವರು ಬಲೆಯನ್ನು ನೀರಲ್ಲಿ ಅರ್ಧಚಂದ್ರದಂತೆ ಬಿಟ್ಟು ಬಂದ ಮೇಲೆ, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ದೂರ ದೂರ ನಿಂತ ಎರಡು ಗುಂಪುಗಳು ಎಳೆಯುತ್ತವೆ. ಎಳೆದಂತೆ ಗುಂಪುಗಳು ಹತ್ತಿರವಾಗುತ್ತವೆ, ಬೈಗುಳವೂ ಸ್ಪಷ್ಟವಾಗುತ್ತದೆ. ತೆಂಕಣ ಹಗ್ಗ ಅಪ್ಪನದು, ಬಡಗಣದ್ದು ಚಿಕ್ಕಪ್ಪನದು. ಆಚೆಯವರು ಹಗ್ಗ ಹಿಡಿದು ನಿದ್ದೆ ಮಾಡುತ್ತಾರೆ ಎಂಬುದರಲ್ಲಿ ಎರಡೂ ಗುಂಪಿಗೆ ಒಮ್ಮತವಿದೆ.

ಅಪ್ಪನ ಹಿಂದೆ ನಿಂತು ಎಳೆಯುತ್ತಿದ್ದಾಗ ನನಗೆ ಹೊಳೆಯಿತು: ಮಾತಿನವರು ಒಂದು ಹಗ್ಗ, ಬಂದೂಕಿನವರು ಇನ್ನೊಂದು, ಬಲೆ ಒಂದೇ. ಒಬ್ಬರನ್ನೊಬ್ಬರು ಬೈಯುತ್ತಲೇ ಇಬ್ಬರೂ ಎಳೆದರು. ಯೋಜನೆ ಮುಗಿಯಿತು ಎಂದುಕೊಂಡೆ. ನೆನಪು ಇಷ್ಟು ಚಂದವಾಗಿ ಜೋಡಿಸಿಕೊಂಡಾಗಲೆಲ್ಲ ನನಗೆ ಅದರ ಮೇಲೆ ಅನುಮಾನ. ಇದು ಬಹುಶಃ ಆಮೇಲೆ, ಸ್ನಾನ ಮಾಡುವಾಗ ಹೊಳೆದಿರಬೇಕು.

ಬಲೆ ಮೇಲೆ ಬಂತು. ಬಂಗಡೆ ಇತ್ತು. ಅಪ್ಪ ಅರ್ಧ ಅರ್ಧ ಎಂದರು. ಜಗಳಕ್ಕೆ ಸಿದ್ಧರಾಗಿ ನಿಂತಿದ್ದವರೆಲ್ಲ ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ, ಯಾರಿಗೂ ಅರ್ಥವಾಗದ ಕಾರಣಕ್ಕೆ, "ಆತು" ಎಂದುಬಿಟ್ಟರು.

ಆಗ ಅವರ ಗುಂಪೇ ಎರಡಾಯಿತು.

"ನಿನ್ನ ಅಣ್ಣ ಅಂತ ಒಪ್ಕಂಡ್ಯಲ್ಲ. ಕೈ ಸುಲಿದದ್ದು ನಮ್ಮದು."

"ಪೂರ್ತಿ ಬೇಕು ಅಂತ ಕೂತ್ರೆ ಮೀನು ಕೊಳೀತದೆ ಮಾರಾಯ."

"ಕೊಳೀಲಿ."

ಅದುವರೆಗೆ ಒಂದೇ ಹಗ್ಗ ಹಿಡಿದವರು ಒಬ್ಬರ ಕಾಲರ್ ಒಬ್ಬರು ಹಿಡಿದರು. ಅಪ್ಪನ ಕಡೆಯವರು ಮರಳಲ್ಲಿ ಕೂತು ಬೀಡಿ ಹಚ್ಚಿದರು.

ನನ್ನ ಯೋಜನೆ, ಐರಿಶರು ಆಳುವವರೊಂದಿಗೆ ಒಪ್ಪಂದ ಮಾಡಿಕೊಂಡ ದಿನಕ್ಕೇ ನಿಂತಿತ್ತು. ಆ ಒಪ್ಪಂದ ಕೊಟ್ಟ ಅರ್ಧ ಪಾಲು ಸಾಕೋ ಸಾಲದೋ ಎಂದು ಬಂದೂಕಿನವರೇ ಬಂದೂಕಿನವರನ್ನು ಕೊಂದ ಅಂತರ್ಯುದ್ಧವನ್ನು ನಾನು ಪೂರ್ತಿ ಬಿಟ್ಟಿದ್ದೆ.

ಮರುದಿನ ಬಸ್ಸಿನಲ್ಲಿ, ಹೊನ್ನಾವರದ ಸೇತುವೆಯ ಮೇಲೆ, ಅಲುಗುವ ಅಕ್ಷರಗಳಲ್ಲಿ ಅದನ್ನು ಸೇರಿಸಿದೆ. ಸರ್ ಆ ಭಾಗವನ್ನೇ ಎರಡು ಸಲ ಓದಿ ಸಹಿ ಹಾಕಿದರು.

ಅಂದು ಬಲೆಯಲ್ಲಿ ಬಂಗಡೆ ಇರಲೇ ಇಲ್ಲ, ಬರೀ ಕಸಕ್ಕೆ ಹೊಡೆದಾಡಿದರು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಇರಬಹುದು.

ಎರಡು ಹಗ್ಗದ ಯೋಜನೆ ಒಪ್ಪಿಗೆಯಾಯಿತು ಎಂದು ಮನೆಗೆ ಬಂದು ಹೇಳಿದಾಗ ಚಿಕ್ಕಪ್ಪ, ಹರಿದ ಅಂಗಿಯಲ್ಲೇ ಕೂತಿದ್ದವರು, ತಲೆ ಎತ್ತಿದರು. "ಹಂಗಾರೆ ನಮ್ಮ ಹಗ್ಗದ್ದು ಮೊದ್ಲು ಬರಿ."

"ಅದಕ್ಕೆ ಒಂದು ಮನವಿ ಕೊಡು," ಎಂದರು ಅಪ್ಪ.