ಪಕ್ಕದ ಮಷೀನಿನ ಗಂಟೆ

ತೊಂಬತ್ತರ ದಶಕದಲ್ಲಿ ಸವದತ್ತಿಯ ನಮ್ಮ ಟೈಪಿಂಗ್ ಕ್ಲಾಸಿನವರು ಪರೀಕ್ಷೆಗೆಂದು ಬೈಲಹೊಂಗಲಕ್ಕೆ ಹೋಗುವಾಗ ಮಷೀನುಗಳನ್ನೂ ಹೊತ್ತುಕೊಂಡೇ ಹೋಗಬೇಕಿತ್ತು. ಟೆಂಪೋದಲ್ಲಿ ಕೌದಿ ಹಾಸಿ, ಕೂಸನ್ನು ಹಿಡಿದಂತೆ ಮಷೀನು ಹಿಡಿದು ಕೂರುತ್ತಿದ್ದೆವು. ಟೆಂಪೋ ಓಡಿಸುವ ಚಾಚಾ ತಗ್ಗು ಬಂದಾಗೊಮ್ಮೆ ಕೂಗುತ್ತಿದ್ದರು: "ತಂಗ್ಯಾರ, ಗಟ್ಟಿ ಹಿಡೀರಿ! ನೀವು ಬಿದ್ರ ಎಬ್ಬಸಬಹುದು, ಅದು ಬಿದ್ರ ನಿಮ್ಮ ಮಾಸ್ತರು ನನ್ನ ಬಿಡೂದಿಲ್ಲ!"

ಆ ವರ್ಷ ನಾನು ಪರೀಕ್ಷೆಗೆ ಹೊರಟದ್ದು ಎರಡನೇ ಸಲ. ಮೊದಲ ಸಲ ಸ್ಪೀಡ್ ಪೇಪರಿನಲ್ಲಿ ನಪಾಸಾಗಿದ್ದೆ. ಕ್ಲಾಸಿನಲ್ಲಿ ಚೆನ್ನಾಗಿಯೇ ಹೊಡೆಯುತ್ತಿದ್ದೆ. ಆದರೆ ಸಾಲು ಮುಗಿಯುತ್ತ ಬಂದಾಗ ಮಷೀನು ಟಿಣ್ ಅನ್ನುತ್ತದಲ್ಲ, ಪರೀಕ್ಷೆಯ ಹಾಲಿನಲ್ಲಿ ನನ್ನದಕ್ಕಿಂತ ಮೊದಲು ಪಕ್ಕದವರ ಗಂಟೆ ಬಾರಿಸಿತೋ, ನನ್ನ ಬೆರಳುಗಳು ಗಾಬರಿಬಿದ್ದು ಓಡುತ್ತಿದ್ದವು. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದವು.

"ಈ ಸಲಾನೂ ಹೋತಂದ್ರ ಹೊಲಿಗಿ ಕ್ಲಾಸಿಗೆ ಹಚ್ಚತೇನಿ ನೋಡು," ಎಂದಿದ್ದರು ಅಪ್ಪ. ನನಗೋ ಸೂಜಿಗೆ ದಾರ ಪೋಣಿಸಲೂ ಬಾರದು. ಕಚೇರಿಯಲ್ಲಿ ಕೂತು ಟೈಪ್ ಮಾಡುವ ಆಸೆ.

ಪರೀಕ್ಷೆಯ ಹಿಂದಿನ ಸಂಜೆ ಊಟ ಸೇರದೆ ಒಲೆಯ ಮುಂದೆ ಕೂತಿದ್ದೆ. ರೊಟ್ಟಿ ಬಡಿಯುತ್ತಿದ್ದ ಆಯಿ, ನಮ್ಮ ಅಪ್ಪನ ತಾಯಿ, ಏನಾಯಿತೆಂದು ಕೇಳಿದಳು. ಹೇಳಿಕೊಂಡೆ.

"ಮದುವಿ ಮನ್ಯಾಗ ಎಲ್ಲಾರೂ ಕೂಡಿ ಬಡಿಯೂವಾಗ ನಾನೂ ಬಾಜೂದಾಕಿ ಕೈ ನೋಡತಿದ್ದೆ. ನನ್ನ ರೊಟ್ಟಿ ಹರದ ಹೋಗ್ತಿತ್ತು."

"ಆಮ್ಯಾಲೆ?"

"ಆಮ್ಯಾಲೇನ, ಮತ್ತ ಮುದ್ದಿ ಮಾಡಿ ಬಡಿಯೂದು. ಅಳಕೋತ ಕುಂತ್ರ ಮಂದಿ ಉಣ್ಣೂದ್ಯಾವಾಗ?"

ಮರುದಿನ ಮೊದಲ ಟಿಣ್ ಬಲಗಡೆಯಿಂದ ಬಂತು. ನನ್ನ ಬೆರಳು ತಪ್ಪಿತು, ಕಡ್ಡಿಗಳು ಸಿಕ್ಕಿಕೊಂಡವು. ಬಿಡಿಸುವಷ್ಟರಲ್ಲಿ ಕೈಯೆಲ್ಲ ಮಸಿ. ಆಗ ಆಯಿಯ ಕೈ ನೆನಪಾಯಿತು: ತಟ್, ತಟ್, ಒಂಚೂರು ತಿರುಗಿಸಿ ಮತ್ತೆ ತಟ್. ಅದೇ ಲಯ ಹಿಡಿದು ಹೊಡೆಯುತ್ತ ಹೋದೆ. ಪಕ್ಕದ ಗಂಟೆಗಳು ಬಾರಿಸುತ್ತಲೇ ಇದ್ದವು, ಬಾರಿಸಲಿ ಎಂದು ಬಿಟ್ಟೆ. ವೇಳೆ ಮುಗಿಯಿತೆಂದಾಗ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು.

ಮನೆಗೆ ಬಂದರೆ ಆಯಿ ಬಾಗಿಲಲ್ಲೇ ಕೂತಿದ್ದಳು. "ಏನ್ ಮಾಡಿ ಬಂದಿ?"

"ಕಡೀ ರೊಟ್ಟಿ ಹಂಚಿಗೆ ಹಾಕೂದರಾಗ ಎಬ್ಬಿಸಿದ್ರು ಆಯಿ."

"ಬಿಡು, ಒಂದ ರೊಟ್ಟಿ ಕಡಿಮಿ ಆದ್ರ ಬೀಗರೇನ ಸಿಟ್ಟಾಗೂದಿಲ್ಲ."

ಬೀಗರು ಸಿಟ್ಟಾಗಲಿಲ್ಲ. ರಿಸಲ್ಟ್ ಬಂದ ದಿನ ಅಪ್ಪ ಹೊಲಿಗೆಯ ಮಾತೆತ್ತದೆ ಪೇಢೆಯ ಪೊಟ್ಟಣ ತಂದರು. ಮೊದಲ ಪೇಢೆ ಆಯಿಯ ಕೈಗಿಟ್ಟೆ. ಅರ್ಧ ಮುರಿದು ನನ್ನ ಬಾಯಿಗೆ ತುರುಕಿದಳು. ಬೆರಳಿಗಿನ್ನೂ ಜೋಳದ ಹಿಟ್ಟು ಮೆತ್ತಿತ್ತು.