ದೇವರ ದನಕ್ಕೆ ಯಾರ ಹೆಸರು?

ಮೊನ್ನೆ ರಾಂಪುರದಿಂದ ಚಳ್ಳಕೆರೆಗೆ ಬರುವಾಗ ಬಸ್ಸಿಗೆ ಯಾರೋ ನೆಂದ ಕಂಬಳಿ ಹೊದ್ದು ಹತ್ತಿದರು. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಅತ್ತಲೇ ಸರಿದು ಕೂತೆ. ನಮ್ಮ ಪಕ್ಕದ ಮನೆಯ ಕಿಲಾರಿ ಅಜ್ಜ ಅಂಗಳಕ್ಕೆ ಬಂದಂತಾಯಿತು...

ದೇವರಿಗೆ ಬಿಟ್ಟ ದನ ಕಾಯುವವರಿಗೆ ನಮ್ಮ ಕಡೆ ಕಿಲಾರಿ ಅನ್ನುತ್ತಾರೆ. ಊರಾಚೆಯ ಸರ್ಕಾರಿ ಹುಲ್ಲುಗಾವಲಿಗೆ ಅಜ್ಜನ ಮಾತೇ ಕಾನೂನು. ಮಳೆ ಬಿದ್ದು ಹುಲ್ಲು ಚಿಗುರಿದರೆ ಒಂದು ಸುತ್ತು ನಡೆದು, ದಾರಿಗೆ ಅಡ್ಡ ತಂಗಡಿ ಸೊಪ್ಪು ಇಡುತ್ತಿದ್ದರು. ಬೀಜ ಉದುರುವವರೆಗೆ ಅದನ್ನು ಯಾರೂ ದಾಟುವಂತಿಲ್ಲ. ಆಮೇಲೆ ಮೊದಲು ದೇವರ ದನ, ಹಿಂದೆ ಊರ ದನ, ಕಡೆಗೆ ಕುರಿ. ನಮ್ಮಪ್ಪನಂಥ ಜಗಳಗಂಟ ಕೂಡ ಆ ಸೊಪ್ಪು ದಾಟಿದ್ದನ್ನು ನಾನು ಕಾಣೆ. ಸಂಜೆ ಅಜ್ಜ ನನಗೆಂದೇ ಒಂದು ಹಿಡಿ ಕಾರೆಹಣ್ಣು ತರುತ್ತಿದ್ದರು.

ಒಂದು ವರ್ಷ ಅಲ್ಲಿಗೆ ಬೇಲಿ ಬರುತ್ತದೆ, ದನದ ಮಾಲೀಕರು ಹೆಸರು ಬರೆಸಿದರೆ ಮೇಯಿಸಲು ಪಾಸು ಕೊಡುತ್ತಾರೆ ಅಂತ ಡಂಗುರವಾಯಿತು. ಊರಿನ ಅರ್ಜಿಗಳನ್ನೆಲ್ಲ ಬರೆದವಳು ನಾನೇ. ಆಗಷ್ಟೇ ಪಿಯುಸಿ ಮುಗಿಸಿದ್ದೆ, ತಲೆಗೆ ಎರಡು ಕೋಡು ಮೂಡಿದ್ದವು. ಎಲ್ಲರದೂ ಮುಗಿದ ಮೇಲೆ ಅಜ್ಜ ಬಂದರು. ಮಾಲೀಕರ ಹೆಸರಿನ ಜಾಗದಲ್ಲಿ ಅವರ ಹೆಸರು ಬರೆಯಹೋದೆ. ತಡೆದರು.

"ಬ್ಯಾಡ ತಾಯಿ. ದೇವರ ದನ ನಂದು ಅಂತ ಹೆಂಗ್ ಬರೆಸ್ಲಿ? ಬಾಯಾಗೆ ಹುಳ ಬೀಳ್ತಾವೆ. ದೇವರ ಹೆಸರೇ ಬರಿ."

ಬರೆದೆ. ಇಬ್ಬರೂ ಕಚೇರಿಗೆ ಹೋದೆವು. ಗುಮಾಸ್ತ ಓದಿ ನಕ್ಕುಬಿಟ್ಟ.

"ದೇವರು ಬಂದು ಸೈನ್ ಹಾಕ್ತಾನೇನಜ್ಜ?"

ನನಗೂ ನಗು ಬಂತು. ಅದೊಂದು ಈಗಲೂ ಚುಚ್ಚುತ್ತದೆ.

ಅಜ್ಜ ಇನ್ನೊಂದು ಅರ್ಜಿ ಬರೆಸಲಿಲ್ಲ. ಬೇಲಿ ಎದ್ದಿತು. ಪಾಸು ಇದ್ದವರ ದನ ಗೇಟಿನೊಳಗೆ ಹೋದವು, ಎಲ್ಲಕ್ಕಿಂತ ಮೊದಲು ಹೋಗಬೇಕಾದವು ಹೊರಗೇ ನಿಂತವು. ಮೂರು ದಿನ ನೋಡಿ, ಅಜ್ಜ ಅವನ್ನು ಆಂಧ್ರದ ಗಡಿ ಕಡೆ ಹೊಡೆದುಕೊಂಡು ಹೊರಟರು.

"ಹುಲ್ಲು ಎಲ್ಲೈತೋ ಅಲ್ಲಿಗೆ ಹೋಗ್ಬೇಕಲ್ಲ. ಬರ್ತೀನಿ ತಾಯಿ," ಅಂದರು.

ಬರಲಿಲ್ಲ. ಅಲ್ಲೇ ಎಲ್ಲೋ ತೀರಿಕೊಂಡರಂತೆ...

ಬಸ್ಸು ಆ ಬೇಲಿಯ ಪಕ್ಕದಲ್ಲೇ ಹಾಯುತ್ತದೆ. ಇಷ್ಟು ವರ್ಷವಾದರೂ ಅತ್ತ ನೋಡಿದರೆ ಅವರು ಬೇಕು ಅನ್ನಿಸುತ್ತದೆ. ಅಜ್ಜನಿಗೆ ಓದು ಬರುತ್ತಿರಲಿಲ್ಲ. ನಾನು ಬೆರಳಿಟ್ಟು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದರು. ದೇವರ ಹೆಸರು ಬರೆದಿದ್ದೇನೆ ಅಂತ ಹೇಳಿ, ಅವರ ಹೆಸರೇ ಬರೆದುಬಿಡಬಹುದಿತ್ತು. ಪಾಪ ನನಗೆ ಸುತ್ತಿಕೊಳ್ಳುತ್ತಿತ್ತು. ಅಜ್ಜ ಊರಲ್ಲೇ ಇರುತ್ತಿದ್ದರು.