ಲೀಲಾವತಿಯವರ ತುರ್ತು ಮನೆಗೆಲಸ

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಡಿಸೆಂಬರಿನ ಕೊನೆಯ ದಿನಗಳಲ್ಲಿ ಕುರ್ಚಿಗಳು ಮಾತ್ರ ಹಾಜರಿರುತ್ತವೆ. ವರ್ಷಕ್ಕೆ ಸಿಗುವ ಎಂಟು ಸಿ.ಎಲ್. ರಜೆಗಳನ್ನು ಮೂವತ್ತೊಂದರೊಳಗೆ ತೆಗೆದುಕೊಳ್ಳದಿದ್ದರೆ ಅವು ನೀರುಪಾಲು. ಹಾಗಾಗಿ ಅಳಿಯ ಬರುತ್ತಾನೆ, ಸೊಂಟ ಹಿಡಿದಿದೆ, ಗೋಡೆಗೆ ಸುಣ್ಣ ಹೊಡೆಸಬೇಕು ಎಂದು ಒಬ್ಬೊಬ್ಬರೂ ಒಂದೊಂದು ನೆಪ ಬರೆದುಕೊಟ್ಟು ಬಿಸಿಲು ಕಾಯಿಸಲು ಮನೆ ಸೇರುತ್ತಾರೆ. ಮೂವತ್ತನಾಲ್ಕು ವರ್ಷ ಇದನ್ನೆಲ್ಲ ಕಿಟಕಿ ಪಕ್ಕದ ಮೇಜಿನಿಂದ ನೋಡುತ್ತ ಕುಳಿತವರು ಲೀಲಾವತಿ. ಕಡತಗಳ ಮೇಲೆ ಅವರಿಗೆ ಅಷ್ಟು ಪ್ರೀತಿಯೆಂದಲ್ಲ. ಇಲ್ಲ ಎನ್ನಲು ಬಾರದ ಹೆಂಗಸು, ಅಷ್ಟೆ. ಎಲ್ಲರೂ ಹೋದ ಮೇಲೆ ಯಾರಾದರೂ ಒಬ್ಬರು ಇರಬೇಕಲ್ಲ, ಆ ಒಬ್ಬರು ಪ್ರತಿ ವರ್ಷವೂ ಅವರೇ.

2006ರ ಡಿಸೆಂಬರಿನಲ್ಲಿ ಅವರು ಎಂಟೂ ರಜೆಗಳನ್ನು ಒಟ್ಟಿಗೆ ಕೇಳಿದರು. ಕಾರಣದ ಜಾಗದಲ್ಲಿ ‘ತುರ್ತು ಮನೆಗೆಲಸ’ ಎಂದು ಬರೆದರು. ಆ ತುರ್ತು ಕೆಲಸವೆಂದರೆ ಕೇಕು ಉಬ್ಬುವುದನ್ನು ಕಣ್ಣಾರೆ ನೋಡುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಯಜಮಾನರು ಜಗನ್ನಾಥರು ಹವಾಮಾನ ಇಲಾಖೆಯಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಹೊತ್ತು ಹೋಗದೆ, ಅಟ್ಟದ ಮೇಲಿದ್ದ ಹಳೆಯ ಅಲ್ಯೂಮಿನಿಯಂ ಓವನ್ ಇಳಿಸಿ ಬೇಯಿಸಲು ಕಲಿತಿದ್ದರು. ದುಂಡನೆಯ ಪಾತ್ರೆಯಂಥ ಓವನ್ ಅದು, ಮುಚ್ಚಳದ ನಡುವೆ ಅಂಗೈಯಗಲದ ಗಾಜು. ಮೊಟ್ಟೆ ಹಾಕುವಂತಿಲ್ಲ, ಮೊಸರು ಮತ್ತು ಸೋಡಾದ ಮೇಲೆಯೇ ಎಲ್ಲ ಭಾರ. ಆದರೆ ರಾಜಧಾನಿಯ ಕಿದ್ವಾಯಿ ನಗರದ ಸರ್ಕಾರಿ ಮನೆಗಳಲ್ಲಿ ಚಳಿಗಾಲದ ಮುಂಜಾನೆ ಮತ್ತು ಸಂಜೆ ಎಲ್ಲರ ಗೀಸರು, ಹೀಟರು ಒಟ್ಟಿಗೆ ಉರಿದು ಕರೆಂಟು ಸೊರಗಿ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಕೇಕು ಇಟ್ಟರೆ ರೊಟ್ಟಿಯಾಗುತ್ತಿತ್ತು. ಬಿಸಿಲೇರಿ, ಜನ ಹೀಟರು ಆರಿಸಿ ಮಾಳಿಗೆ ಹತ್ತಿದ ಮೇಲೆ, ಹನ್ನೊಂದು ಗಂಟೆಗೇ ಇಡಬೇಕು. ಹನ್ನೊಂದು ಗಂಟೆಗೆ ಲೀಲಾವತಿ ಎಲ್ಲಿರುತ್ತಿದ್ದರೆಂದು ಹೇಳಬೇಕಾಗಿಲ್ಲ. ಶನಿವಾರ, ಭಾನುವಾರ ಎಲ್ಲರೂ ತಡವಾಗಿ ಎದ್ದು ಸ್ನಾನ ಮಾಡುವುದರಿಂದ ಗೀಸರುಗಳು ಮಧ್ಯಾಹ್ನದವರೆಗೂ ಉರಿಯುತ್ತಿದ್ದವು. ಸಂಜೆ ಏಳಕ್ಕೆ ಬಂದು, ತಣ್ಣಗಾದ ಕೇಕು ತಿಂದು, ಚೆನ್ನಾಗಿದೆ ಎನ್ನುವುದಷ್ಟೇ ಅವರ ಪಾಲು. ಬರುವ ಜುಲೈಗೆ ಅವರಿಗೂ ನಿವೃತ್ತಿ. ಆಮೇಲೆ ಕ್ವಾರ್ಟರ್ಸ್ ಬಿಟ್ಟು ಗ್ರೇಟರ್ ನೋಯ್ಡಾದ ಫ್ಲಾಟಿಗೆ ಹೋಗಬೇಕು. ಈ ಮನೆಯಲ್ಲಿ ಇದೇ ಕೊನೆಯ ಚಳಿಗಾಲ ಎಂದು ಒಂದು ದಿನ ಬಸ್ಸಿನಲ್ಲಿ ಕುಳಿತಾಗ ಹೊಳೆದು ಅವರಿಗೆ ಅಳುವೇ ಬಂದಿತ್ತು. ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದೂ ಗಂಡನ ಜೊತೆ ಒಂದು ಚಳಿಗಾಲವನ್ನು ಪೂರ್ತಿ ಅನುಭವಿಸಿರಲಿಲ್ಲ.

ಮೊದಲ ದಿನ ಬೆಳಗ್ಗೆ ಇಬ್ಬರೂ ಸ್ವೆಟರಿನ ಮೇಲೆ ಶಾಲು ಸುತ್ತಿ ನೆಹರು ಪಾರ್ಕಿಗೆ ಹೊರಟರು. ಮಂಜು ಎಷ್ಟಿತ್ತೆಂದರೆ ಎದುರಿನ ಬೇವಿನ ಮರ ಹತ್ತಿರ ಹೋದ ಮೇಲೆ ತಾನು ಮರವೆಂದು ಒಪ್ಪಿಕೊಳ್ಳುತ್ತಿತ್ತು. ಹಾಲಿನವನ ಸೈಕಲ್ ಗಂಟೆ ಮೊದಲು ಬರುತ್ತಿತ್ತು, ಹಾಲಿನವನು ಆಮೇಲೆ. ಪಾರ್ಕಿನ ಹುಲ್ಲಿನ ಮೇಲೆ ಹಿಮದ ಬಿಳಿ ಪುಡಿ ಕುಳಿತಿತ್ತು, ಕಾಲಿಟ್ಟರೆ ಹಪ್ಪಳದ ಸದ್ದು.

“ರೀ, ಇದೆಲ್ಲ ದಿನಾ ಇರುತ್ತಾ?”

“ದಿನಾ ಎಲ್ಲಿ? ವರ್ಷಕ್ಕೆ ನಾಲ್ಕು ದಿನ, ಐದು ದಿನ. ಹಿಂದೀಲಿ ಪಾಲಾ ಅಂತಾರೆ ಇದಕ್ಕೆ. ಒಂಬತ್ತಕ್ಕೆಲ್ಲ ಕರಗಿಹೋಗುತ್ತೆ,” ಎಂದರು ಜಗನ್ನಾಥರು. ಹವಾಮಾನದ ವಿಷಯದಲ್ಲಿ ಆ ಮನೆಯಲ್ಲಿ ಅವರ ಮಾತೇ ಕೊನೆ, ಬೇರೆ ಯಾವ ವಿಷಯದಲ್ಲೂ ಅಲ್ಲ.

ಬಾಯಿ ತೆರೆದರೆ ಹೊಗೆ ಬರುತ್ತಿತ್ತು, ಅದಕ್ಕೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ಲೀಲಾವತಿಗೆ ತಾವು ನಡೆಯುತ್ತಿದ್ದೇವೋ ನಿದ್ದೆಯಲ್ಲಿದ್ದೇವೋ ತಿಳಿಯದಾಯಿತು. ಮನೆಗೆ ಬಂದರೆ ಕರೆಂಟಿಲ್ಲ. ಮರುದಿನ ಸೋಡಾ ಮುಗಿದಿತ್ತು. ಹೀಗಾಗಿ ಕೇಕಿನ ಮುಹೂರ್ತ ಮೂರನೆಯ ದಿನಕ್ಕೆ ಬಿತ್ತು.

ಆ ದಿನ ಹನ್ನೊಂದಕ್ಕೆ ಓವನ್ ಕಾದಿತ್ತು. ಕಿತ್ತಳೆ ಸಿಪ್ಪೆ ತುರಿದು ಹಾಕಿದ ಹಿಟ್ಟು ಒಳಗೆ ಹೋಯಿತು. ಲೀಲಾವತಿ ಅಡುಗೆಮನೆಯಲ್ಲಿ ಮಣೆಯ ಮೇಲೆ ಕುಳಿತು ಗಾಜಿಗೆ ಕಣ್ಣು ಹಚ್ಚಿದರು. ಅಂಚು ಮೆಲ್ಲಗೆ ಮೇಲೇಳುತ್ತಿತ್ತು, ನಡುವೆ ಇನ್ನೂ ನಡುಕವಿತ್ತು. ಆಗ ಮೊಬೈಲು ಬಡಿದುಕೊಂಡಿತು.

ಡೆಪ್ಯುಟಿ ಸೆಕ್ರೆಟರಿ ಚಂದ್ರಮೋಹನರು. ಅವರೂ ಕನ್ನಡದವರೇ. ಆದರೆ ಸಾಹೇಬರು ತಮ್ಮ ಊರಿನವರ ಪರ ಎಂದು ಯಾರೂ ಅನ್ನಬಾರದೆಂದು ಒಂಬತ್ತು ವರ್ಷದಲ್ಲಿ ಅವರಾಗಲಿ ಲೀಲಾವತಿಯಾಗಲಿ ಪರಸ್ಪರ ಒಂದು ಕನ್ನಡ ಪದ ಆಡಿರಲಿಲ್ಲ. ಅವರು ಹಿಂದಿಯಲ್ಲಿ, ಒಂದು ಫೈಲು ಸಿಗುತ್ತಿಲ್ಲ ಲೀಲಾವತಿಜೀ, ಒಂದು ಗಂಟೆ ಬಂದುಹೋಗಿ ಎಂದರು. ಸರ್ಕಾರಿ ಒಂದು ಗಂಟೆಯೆಂದರೆ ಸಂಜೆ ಆರು. ಲೀಲಾವತಿ ಗಾಜಿನೊಳಗೆ ನೋಡಿದರು. ಬಾಯಿ ತಾನಾಗಿ, “ಸರ್, ನಾನು ಮೈಸೂರಿನಲ್ಲಿದ್ದೇನೆ,” ಎಂದು ಹಿಂದಿಯಲ್ಲಿ ಹೇಳಿಬಿಟ್ಟಿತು.

“ಅಚ್ಛಾ,” ಎಂದು ಅತ್ತಲಿನ ದನಿ ಫೋನಿಟ್ಟಿತು.

ಊರು ಬಿಡಲು ಅನುಮತಿ ಬೇಕೆಂಬ ನಿಯಮವನ್ನು ಎಲ್ಲರಿಗೂ ಹೇಳಿಕೊಡುತ್ತಿದ್ದವರೇ ಅವರು. ಊರು ಬಿಡದೆಯೇ ಆ ತಪ್ಪನ್ನು ತಲೆಗೆ ಹೊತ್ತುಕೊಂಡರು. ಅಷ್ಟರಲ್ಲಿ ಕೇಕಿನ ನಡು ಉಸಿರೆಳೆದುಕೊಂಡಂತೆ ಎದ್ದಿತು, ಬಿರಿಯಿತು, ಹೊಂಬಣ್ಣಕ್ಕೆ ತಿರುಗಿತು. ಮನೆಯೆಲ್ಲ ಕಿತ್ತಳೆಯ ಘಮ. ಜಗನ್ನಾಥರು ಹೆಂಡತಿಯ ಮುಖ ನೋಡುತ್ತ ನಿಂತಿದ್ದರು. ಆ ಮುಖದಲ್ಲಿ ಸಂತೋಷವಿತ್ತು, ಕಳ್ಳತನವೂ ಇತ್ತು.

ಮರುದಿನ ನಡಿಗೆಗೆ ಹೊರಡುವಾಗ ಲೀಲಾವತಿ ಕೇಕಿನ ನಾಲ್ಕು ತುಂಡನ್ನು ಡಬ್ಬಿಗೆ ಹಾಕಿ ಶಾಲಿನೊಳಗೆ ಇಟ್ಟುಕೊಂಡರು. ಯಾರಾದರೂ ನೋಡಿಯಾರೆಂದು ತಲೆಗೂ ಶಾಲು ಹೊದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮಂಜಿನಲ್ಲಿ ಎದುರಾದ ಪ್ರತಿ ಆಕಾರವೂ ಅವರಿಗೆ ಸಾಹೇಬರೇ. ಐದಾರು ಆಕಾರಗಳು ಸಾಹೇಬರಾಗದೆ ಹಾದುಹೋದವು. ಧೈರ್ಯ ಬಂದು ಒಂದು ಬೆಂಚಿನ ತುದಿಯಲ್ಲಿ ಕುಳಿತರು. ಇನ್ನೊಂದು ತುದಿಯಲ್ಲಿ ಮಂಕಿ ಟೋಪಿ ಹಾಕಿದ ಒಬ್ಬರು ಮೊದಲೇ ಕುಳಿತಿದ್ದರು.

ಡಬ್ಬಿಯ ಮುಚ್ಚಳ ತೆಗೆದಾಗ ಆ ಟೋಪಿ ಇತ್ತ ತಿರುಗಿತು.

“ಮೈಸೂರಲ್ಲಿ ಚಳಿ ಹೇಗಿದೆ?” ಎಂದಿತು, ಕನ್ನಡದಲ್ಲಿ.

ಲೀಲಾವತಿಯ ಕೈಯಲ್ಲಿದ್ದ ತುಂಡು ಅಲ್ಲೇ ನಿಂತಿತು. ಎದ್ದು ನಿಂತರು, ಸರ್ ಎಂದರು. ಜಗನ್ನಾಥರು ತಮ್ಮ ಇಲಾಖೆಯನ್ನೇ ನಂಬಿ, “ಸಾಧಾರಣವಾಗಿದೆ,” ಎಂದು ಉತ್ತರ ಕೊಟ್ಟರು.

ಚಂದ್ರಮೋಹನರು ನಕ್ಕರು. ಅವರು ನಗುವುದನ್ನು ಲೀಲಾವತಿ ನೋಡಿದ್ದೇ ಕಡಿಮೆ. “ಕೂತ್ಕೊಳ್ಳಿ. ಫೈಲು ನನ್ನ ಮೇಜಿನ ಮೇಲೇ ಇತ್ತು. ನೀವು ರಜೆಗೆ ಹೋಗೋ ಮುಂಚೆ ಚೀಟಿ ಬರೆದು ಅದರ ಮೇಲೆ ಅಂಟಿಸಿದ್ರಿ. ಅದು ಅಲ್ಲಿರೋದು ನನಗೆ ಗೊತ್ತಿತ್ತು.”

“ಮತ್ತೆ ಫೋನು...”

“ಇಡೀ ಮಹಡೀಲಿ ಯಾರೂ ಇರಲಿಲ್ಲ. ಚಹಾದವನೂ ಬಂದಿರಲಿಲ್ಲ. ಪ್ರತಿ ವರ್ಷ ಈ ದಿನಗಳಲ್ಲಿ ನೀವೊಬ್ಬರು ಟೈಪ್ ಮಾಡೋ ಸದ್ದಾದ್ರೂ ಕೇಳ್ತಿತ್ತು.” ಅವರು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡರು. “ಹೆಂಡತಿ ಹೋದ ಮೇಲೆ ಮನೇಲಿ ರಜಾ ತಗೊಂಡು ಏನ್ಮಾಡ್ಲಿ ಅಂತಲೂ ಗೊತ್ತಾಗೊಲ್ಲ. ಇದ್ದಾಗ ಕೇಳ್ತಿದ್ಲು, ಒಂದು ದಿನ ವಾಕಿಂಗಿಗೆ ಬನ್ನಿ ಅಂತ. ರಿಟೈರಾಗ್ಲಿ ಅಂತಿದ್ದೆ.”

ಲೀಲಾವತಿ ಡಬ್ಬಿ ಮುಂದೆ ಹಿಡಿದರು. ಸಾಹೇಬರು ಒಂದು ತುಂಡು ತಿಂದರು, ಕೇಳಿಕೊಂಡು ಇನ್ನೊಂದನ್ನೂ ತಿಂದರು. ಮೊಟ್ಟೆಯಿಲ್ಲದೆ ಇಷ್ಟು ಮೆತ್ತಗೆ ಹೇಗಾಯಿತೆಂದು ಜಗನ್ನಾಥರನ್ನು ವಿಚಾರಿಸಿದರು. ಜಗನ್ನಾಥರು ಕರೆಂಟಿನ ಕಥೆಯನ್ನೆಲ್ಲ ಹೇಳಿದರು. ಬಿಸಿಲು ಬರುವ ಸೂಚನೆಯಿರಲಿಲ್ಲ, ಮಂಜು ಮಾತ್ರ ಕೊಂಚ ಬೆಳ್ಳಗಾಯಿತು. ಹೊರಡಲು ಎದ್ದ ಚಂದ್ರಮೋಹನರು ಹಿಂಜರಿಯುತ್ತ ಕೇಳಿದರು. “ನಾಳೆ ಎಷ್ಟು ಹೊತ್ತಿಗೆ ಬರ್ತೀರಿ? ನಾನೂ ಜೊತೆಗೆ ನಡೀತೀನಿ.”

ಒಂಬತ್ತು ವರ್ಷ ಈ ದನಿ ಕೇಳಿದ್ದಕ್ಕೆಲ್ಲ ಲೀಲಾವತಿ ‘ಆಗಲಿ ಸರ್’ ಎಂದವರು. ಈಗಲೂ ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಾಹೇಬರ ಮೇಲೆ ಮರುಕ ನಿಜವಾಗಿಯೂ ಉಕ್ಕಿತ್ತು.

“ನಾಳೆ ಬೇಡ ಸರ್,” ಎಂದರು. “ಈ ರಜಾ ನಮ್ಮಿಬ್ಬರದು. ಜನವರೀಲಿ ಒಂದು ಭಾನುವಾರ ಮನೆಗೇ ಊಟಕ್ಕೆ ಬನ್ನಿ.”

ಚಂದ್ರಮೋಹನರು ಟೋಪಿಯನ್ನು ಕಿವಿಯ ಮೇಲೆಳೆದುಕೊಂಡರು. ಆಮೇಲೆ, “ಸರಿಯಮ್ಮ,” ಎಂದು ತಲೆಯಾಡಿಸಿ ಇನ್ನೊಂದು ಹಾದಿ ಹಿಡಿದರು. ನಾಲ್ಕು ಹೆಜ್ಜೆಗೆ ಮಂಜು ಅವರನ್ನು ತೆಗೆದುಕೊಂಡಿತು.

“ಪಾಪ, ಬರಲಿ ಅನ್ನಬಹುದಿತ್ತಲ್ಲ ಲೀಲಾ,” ಎಂದರು ಜಗನ್ನಾಥರು.

“ಅನ್ನಬಹುದಿತ್ತು,” ಎಂದರು ಲೀಲಾವತಿ. ಅವರ ಕಣ್ಣು ತುಂಬಿತ್ತು. ಆದರೂ ಹಿಂದಿರುಗಿ ಕರೆಯಲಿಲ್ಲ. ಗಂಡನ ತೋಳಿಗೆ ಕೈ ಹಾಕಿಕೊಂಡು, ಪಾರ್ಕಿಗೆ ಇನ್ನೊಂದು ಸುತ್ತು ಹೊರಟರು.